ಕಲ್ಲುನೊಣದ ಮರಿಯನ್ನು ಗುರುತಿಸುವ ಬಗೆ



ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ, ಅದರಲ್ಲಿನ ಲೋಳೆಯೂ ಸಕ್ಕರೆಯೂ ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವು ಬಹುಬೇಗ ಕುಗ್ಗುವುದು. ಈ ಕೊರತೆಯನ್ನು ಎಲ್ಲಕ್ಕೂ ಮುಂಚೆ ತಾಳಲಾರದೆ ಹೋಗುವ ಜೀವಿಗಳಲ್ಲಿ, ಇಂಗ್ಲಿಷಿನಲ್ಲಿ ಸ್ಟೋನ್‌ಫ್ಲೈ ಎಂದು ಕರೆಯುವ ಕಲ್ಲುನೊಣದ ಮರಿಯೂ ಒಂದು. ತೋಟದ ಕೆಳಗಿನ ಹಳ್ಳದ ನೀರನ್ನೇ ದನಕರುಗಳಿಗೆ ಕುಡಿಸುವವರು ಇದನ್ನು ತಪ್ಪಿಲ್ಲದೆ ಗುರುತಿಸಲು ಕಲಿಯುವುದು ಮೇಲು.

ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಹೆಚ್ಚಾಗಿ ದೊರೆಯುವುದು ನಿಯೋಪರ್ಲಾ ಎಂಬ ಪಂಗಡದ ಮರಿ. ನೀರು ರಭಸದಿಂದ ಹರಿಯುವ ಎಡೆಯಲ್ಲಿ ಒಂದು ಕಲ್ಲನ್ನು ಮೆಲ್ಲನೆ ಎತ್ತಿ, ಅದರ ಅಡಿಯನ್ನು ನೋಡಿರಿ. ಚಪ್ಪಟೆ ಮೈಯ, ಹಳದಿ ಬೆರೆತ ಕಂದು ಬಣ್ಣದ, ನೀಳವಾದ ಮೀಸೆಗಳುಳ್ಳ ಹುಳು ಅಲ್ಲಿ ಅಂಟಿಕೊಂಡಿರುವುದು. ಅದನ್ನು ಹಳ್ಳದ ನೀರಿರುವ ಬಿಳಿಯ ತಟ್ಟೆಗೆ ಬಿಟ್ಟು ಭೂತಗನ್ನಡಿಯಿಂದ ಪರೀಕ್ಷಿಸಬೇಕು.

ಬಾಲದಲ್ಲಿ ಎರಡು ಎಳೆಗಳಿದ್ದರೆ ಕಲ್ಲುನೊಣ, ಮೂರಿದ್ದರೆ ಮೇಫ್ಲೈ ಎಂದು ಹೇಳುವ ವಾಡಿಕೆಯುಂಟು. ಇದನ್ನು ಪೂರ್ತಿಯಾಗಿ ನಂಬತಕ್ಕದ್ದಲ್ಲ. ನಮ್ಮ ಘಟ್ಟದ ಹಳ್ಳಗಳಲ್ಲಿಯೇ ಇರುವ ಎಪಿಯೋರಸ್ ಎಂಬ ಮೇಫ್ಲೈ ಮರಿಗೂ ಎರಡೇ ಎಳೆಗಳು. ಅದರ ಮೈಯೂ ಚಪ್ಪಟೆ, ವಾಸವೂ ಅದೇ ಕಲ್ಲಿನ ಮೇಲೆ. ಆದಕಾರಣ ಬಾಲವನ್ನು ಬಿಟ್ಟು ಪಾದವನ್ನು ನೋಡಿರಿ. ಕಲ್ಲುನೊಣದ ಮರಿಗೆ ಪ್ರತಿಯೊಂದು ಕಾಲಿನ ತುದಿಯಲ್ಲಿಯೂ ಎರಡು ಉಗುರುಗಳಿರುತ್ತವೆ. ಮೇಫ್ಲೈ ಮರಿಗೆ ಒಂದೇ. ಅನಂತರ ಹುಳುವನ್ನು ಮಗುಚಿರಿ. ನಿಯೋಪರ್ಲಾ ಮರಿಯ ಕಿವಿರುಗಳು ಎದೆಯ ಭಾಗದಲ್ಲಿ, ಕಾಲುಗಳ ಬುಡದ ಬಳಿ, ನೂಲಿನ ಕುಚ್ಚುಗಳಂತೆ ಕಾಣುವುವು. ಎಪಿಯೋರಸ್ಸಿನಲ್ಲಿ ಅವು ಹೊಟ್ಟೆಯ ಎರಡು ಪಕ್ಕಗಳಲ್ಲಿ ಎಲೆಗಳಂತೆ ಸಾಲಾಗಿರುವುವು. ಇಷ್ಟು ಕಂಡ ಮೇಲೆ ಸಂದೇಹಕ್ಕೆ ಎಡೆಯಿಲ್ಲ.

ತಟ್ಟೆಯ ನಿಂತ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ, ಮರಿಯು ಗರಡಿಯಲ್ಲಿ ದಂಡ ಹೊಡೆಯುವವನಂತೆ ಮೈಯನ್ನು ಏರಿಸಿ ಇಳಿಸತೊಡಗುವುದು. ನೋಡುವವರಿಗೆ ಇದು ವಿನೋದವೇ. ಹುಳುವಿಗಾದರೋ ಉಸಿರಿನ ಕಷ್ಟ. ಕಿವಿರುಗಳ ಮೇಲೆ ನೀರು ಆಡಲೆಂದು ಹಾಗೆ ಮಾಡುವುದು. ಆಗ ಅದನ್ನು ತಡಮಾಡದೆ ಹಳ್ಳಕ್ಕೆ ಬಿಡಬೇಕು. ಅದು ಬೆಳೆಯನ್ನು ಮುಟ್ಟುವ ಹುಳುವಲ್ಲ. ನೀರಿನ ಸಣ್ಣ ಹುಳುಗಳೇ ಅದಕ್ಕೆ ಆಹಾರ. ಔಷಧಿಯ ಮಾತೇ ಬೇಡ.

ಮರಿಯನ್ನು ನೋಡಿ ಪಂಗಡವನ್ನು ಹೇಳಬಹುದಲ್ಲದೆ, ಅದರೊಳಗಿನ ಜಾತಿಯನ್ನು ನಿಶ್ಚಯಿಸುವುದು ಕಷ್ಟ. ಅದಕ್ಕೆ ರೆಕ್ಕೆ ಬಂದ ಗಂಡುನೊಣವೇ ಬೇಕು. ನಮ್ಮ ಕೆಲಸಕ್ಕೆ ಪಂಗಡವೇ ಸಾಕು.

ಒಂದೆಡೆ ಮರಿ ಸಿಕ್ಕದ ಮಾತ್ರಕ್ಕೆ ನೀರು ಕೆಟ್ಟಿತೆನ್ನಬಾರದು. ಮರಳು ತುಂಬಿದ, ನಿಧಾನವಾಗಿ ಹರಿಯುವ ಎಡೆಗಳಲ್ಲಿ ಅದು ಸಹಜವಾಗಿಯೇ ಇರಲಾರದು. ಸಿಪ್ಪೆಯ ನೀರು ಸೇರುವ ಜಾಗಕ್ಕೆ ಮೇಲೊಂದು, ಕೆಳಗೊಂದು, ಒಂದೇ ಬಗೆಯ ಕಲ್ಲೂ ಹರಿವೂ ಉಳ್ಳ ಎಡೆಗಳನ್ನು ಆರಿಸಿ, ಎರಡರಲ್ಲಿಯೂ ಹತ್ತು ಹತ್ತು ಕಲ್ಲುಗಳನ್ನು ಎತ್ತಿ ಎಣಿಸಿರಿ. ಎತ್ತಿದ ಕಲ್ಲನ್ನು ಇದ್ದಂತೆಯೇ ಮರಳಿ ಇಡಿರಿ. ಕೊಯ್ಲಿಗೆ ಮುಂಚೆ ಒಮ್ಮೆ, ಸಿಪ್ಪೆ ಬಿಡಿಸುವ ಕೆಲಸ ನಡೆದಿರುವಾಗ ಮತ್ತೊಮ್ಮೆ ಹೀಗೆ ನೋಡಿ, ಸಿಕ್ಕ ಮರಿಗಳ ಲೆಕ್ಕವನ್ನು ಬರೆದಿಟ್ಟುಕೊಳ್ಳತಕ್ಕದ್ದು.