ಬೇಗ ಸಿಗುವ ವೀಸಾ ಮತ್ತು ಕಂಪನಿಯ ಹೊಣೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಜಾಬರನ ಕಥೆ ನಮ್ಮ ಹಿರಿಯರಿಗೆ ಹೊಸದಲ್ಲ. ಕೆಲಸಕ್ಕೆ ಸೇರಿಸುವವನೂ ಅವನೇ, ದಸ್ತೂರಿ ಕೀಳುವವನೂ ಅವನೇ. ಅವನ ಮಾತೇ ಕಾಯಿದೆಯೆಂದು ನಂಬಿದಷ್ಟು ಕಾಲವೂ ನಮ್ಮವರು ಮೋಸಹೋದರು. ನಿಜವಾದ ಕಾಯಿದೆ ಏನೆಂದು ತಿಳಿದ ಮೇಲೆಯೇ ತಲೆಯೆತ್ತಿ ಮಾತಾಡಿದರು. ಇಂದು ನಮ್ಮ ಮಕ್ಕಳು ಓದಿ, ಕಂಪನಿಗಳ ಮೂಲಕ ಹೊರದೇಶಕ್ಕೆ ಹೊರಟಿದ್ದಾರೆ. ಅವರಿಗೂ ಇದೇ ಪಾಠ ಬೇಕು. ಅದಕ್ಕಾಗಿ ನೆದರ್‌ಲ್ಯಾಂಡ್ಸ್ ದೇಶದ ಒಂದು ಏರ್ಪಾಟನ್ನು ನಿಮ್ಮ ಮುಂದಿಡುತ್ತೇವೆ.

ಪರಿಣತ ಕೆಲಸಗಾರರನ್ನು ಬೇಗ ಕರೆಸಿಕೊಳ್ಳುವ ಈ ಪದ್ಧತಿ ಅಲ್ಲಿ 2004ರಲ್ಲಿ ಆರಂಭವಾಯಿತು. 2013ರ ಜೂನ್ 1ರಿಂದ ಬಂದ ಹೊಸ ಕಾಯಿದೆಯ ಪ್ರಕಾರ, ಸರ್ಕಾರದ ಮಾನ್ಯತೆ ಪಡೆದ ಕಂಪನಿಗೆ ಮಾತ್ರ ಈ ದಾರಿ ತೆರೆದಿದೆ. ಅಂಥ ಕಂಪನಿಯ ಅರ್ಜಿಯನ್ನು ಎರಡು ವಾರದಲ್ಲಿ ಮುಗಿಸುವುದು ವಲಸೆ ಇಲಾಖೆಯ ಗುರಿ. ಇಷ್ಟು ಬೇಗ ಹೇಗೆ ಸಾಧ್ಯ? ಕಂಪನಿ ತಾನೇ ಕಾಗದಪತ್ರ ನೋಡಿ, ಎಲ್ಲವೂ ಸರಿಯಿದೆಯೆಂದು ಹೊಣೆ ಹೊರುತ್ತದೆ. ಸರ್ಕಾರ ಅದರ ಮಾತನ್ನು ನಂಬುತ್ತದೆ. ಈ ವೇಗವೆಲ್ಲ ನಂಬಿಕೆಯ ಮೇಲೆ ಕೊಟ್ಟ ಸಾಲ.

ಆ ಸಾಲಕ್ಕೆ ಮೂರು ಕರಾರುಗಳಿವೆ. ಮೊದಲನೆಯದು, ತಿಳಿಸುವ ಹೊಣೆ. ಕೆಲಸಗಾರ ಕೆಲಸ ಬಿಟ್ಟರೆ, ಸಂಬಳ ನಿಗದಿಗಿಂತ ಕೆಳಗಿಳಿದರೆ, ಕಂಪನಿ ನಾಲ್ಕು ವಾರದೊಳಗೆ ಇಲಾಖೆಗೆ ತಿಳಿಸಬೇಕು. ಎರಡನೆಯದು, ದಾಖಲೆಯ ಹೊಣೆ. ಕರಾರುಪತ್ರ, ಸಂಬಳದ ಚೀಟಿ ಎಲ್ಲವನ್ನೂ ಇಟ್ಟಿರಬೇಕು. ಕೆಲಸಗಾರನ ಸಂಬಂಧ ಕಡಿದ ಮೇಲೂ ಐದು ವರ್ಷ ಜೋಪಾನ ಮಾಡಬೇಕು. ಮೂರನೆಯದು, ಕಾಳಜಿಯ ಹೊಣೆ. ಆಳನ್ನು ಆರಿಸುವಾಗ ಎಚ್ಚರದಿಂದಿರಬೇಕು. ಆ ದೇಶದಲ್ಲಿ ಇರಲು ಏನೇನು ಷರತ್ತುಗಳಿವೆ ಎಂಬುದನ್ನು ಅವನಿಗೆ ತಿಳಿಸಬೇಕು.

ಸಂಬಳಕ್ಕೂ ಲೆಕ್ಕವಿದೆ. 2025ರಲ್ಲಿ ಮೂವತ್ತು ತುಂಬಿದವರಿಗೆ ತಿಂಗಳಿಗೆ 5,688 ಯೂರೋ, ಅದಕ್ಕಿಂತ ಚಿಕ್ಕವರಿಗೆ 4,171 ಯೂರೋ ಕನಿಷ್ಠವಾಗಿತ್ತು. ರಜೆಯ ಭತ್ಯೆ ಇದರಲ್ಲಿ ಸೇರುವುದಿಲ್ಲ. ಈ ಅಂಕಿ ವರ್ಷವರ್ಷ ಬದಲಾಗುತ್ತದೆ. ಹಣ ಕೆಲಸಗಾರನ ಹೆಸರಿನ ಬ್ಯಾಂಕು ಖಾತೆಗೇ ಬರಬೇಕು. ಕಾಗದದಲ್ಲಿ ಒಂದು, ಕೈಗೆ ಇನ್ನೊಂದು ಎಂಬ ಆಟ ನಡೆಯಬಾರದೆಂದೇ ಈ ನಿಯಮಗಳು.

ಕಂಪನಿ ತಪ್ಪಿದರೆ? ಎಚ್ಚರಿಕೆ, ದಂಡ, ಕೊನೆಗೆ ಮಾನ್ಯತೆಯೇ ರದ್ದು. ನಮ್ಮ ಸಂಕಟ ಇರುವುದು ಇಲ್ಲಿಯೇ. ಮಾನ್ಯತೆ ಹೋದರೆ ಕಂಪನಿ ಹಣ ಕಳೆದುಕೊಳ್ಳುತ್ತದೆ. ಕೆಲಸಗಾರ ಆ ನೆಲದಲ್ಲಿ ನಿಲ್ಲುವ ಹಕ್ಕನ್ನೇ ಕಳೆದುಕೊಳ್ಳುವ ಭಯಕ್ಕೆ ಬೀಳುತ್ತಾನೆ. ಬೇರೆ ಮಾನ್ಯ ಕಂಪನಿಯನ್ನು ಹುಡುಕಿಕೊಳ್ಳಲು ಹೆಚ್ಚೆಂದರೆ ಮೂರು ತಿಂಗಳು. ಮಕ್ಕಳ ಶಾಲೆ, ಮನೆಬಾಡಿಗೆ, ಊರಿಗೆ ಕಳಿಸುವ ಹಣ ಎಲ್ಲವೂ ಆ ಮೂರು ತಿಂಗಳಿಗೆ ತೂಗುಹಾಕಿಕೊಳ್ಳುತ್ತವೆ. ತಪ್ಪು ಧಣಿಯದು, ಗಂಟು ಕಟ್ಟುವವನು ಆಳು!

ಹೋಟೆಲು ಸೋದರರಿಗೆ ಒಂದು ಮಾತು. ಏಷ್ಯಾದ ಅಡುಗೆಯವರಿಗಾಗಿ ಅಲ್ಲಿದ್ದ ಪ್ರತ್ಯೇಕ ಏರ್ಪಾಟು 2022ರ ಜನವರಿ 1ಕ್ಕೆ ಮುಗಿದಿದೆ. “ದೋಸೆ ಭಟ್ಟರು ಬೇಕಾಗಿದ್ದಾರೆ, ಎರಡೇ ವಾರದಲ್ಲಿ ವೀಸಾ” ಎಂದು ಯಾರಾದರೂ ಗಲ್ಲಾದ ಬಳಿ ಬಂದು ಹೇಳಿದರೆ, ಆ ಸಂಬಳ ಕರಾರಿನಲ್ಲಿ ಇದೆಯೇ ಎಂದು ಮೊದಲು ಕೇಳಿರಿ.

ಹಾಗಾದರೆ ನಾವು ಮಾಡಬೇಕಾದುದೇನು? ಮಾನ್ಯತೆ ಪಡೆದ ಕಂಪನಿಗಳ ಪಟ್ಟಿಯನ್ನು ಡಚ್ ಇಲಾಖೆ ಬಹಿರಂಗವಾಗಿ ಇಟ್ಟಿದೆ. ಅದರಲ್ಲಿ ಹೆಸರು ಇದೆಯೇ ನೋಡಿರಿ. ಮಧ್ಯೆ ಏಜೆಂಟನಿದ್ದರೆ, 1983ರ ನಮ್ಮ ದೇಶದ ವಲಸೆ ಕಾಯಿದೆಯಂತೆ ಅವನು ನೋಂದಾಯಿಸಿಕೊಂಡಿದ್ದಾನೆಯೇ ವಿಚಾರಿಸಿರಿ. ಕರಾರುಪತ್ರದ ಪ್ರತಿ, ಪ್ರತಿ ತಿಂಗಳ ಸಂಬಳದ ಚೀಟಿ ನಿಮ್ಮ ಮಗನ ಕೈಯಲ್ಲೂ ಇರಲಿ, ಮನೆಯ ಪೆಟ್ಟಿಗೆಯಲ್ಲೂ ಒಂದು ಇರಲಿ. ಓದಲು ಬಾರದಿದ್ದರೆ ನಾಚಿಕೆ ಬೇಡ, ಸಂಘಕ್ಕೆ ತನ್ನಿ, ಕೂತು ಓದೋಣ.

ಧಣಿಯ ಮೇಲೆ ಸರ್ಕಾರಕ್ಕೆ ನಂಬಿಕೆ ಇರಲಿ. ಸಹಿ ಹಾಕುವ ಮುನ್ನ ಓದಿ ನೋಡುವ ಅಭ್ಯಾಸ ನಮಗಿರಲಿ.