ಬಾಣಂತಿಯ ಮೈತೂಕ



ಹೆರಿಗೆಯಾದ ಹೆಣ್ಣುಮಗಳ ಮೈ ತುಂಬಿಕೊಳ್ಳುವುದನ್ನು ನಮ್ಮ ಹಿರಿಯರು ಸೌಭಾಗ್ಯದ ಚಿಹ್ನೆಯೆಂದೇ ಎಣಿಸುತ್ತಿದ್ದರು. ಐದನೆಯ ತಿಂಗಳಲ್ಲಿ ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹಿಂದಿರುಗಿದ ಸೊಸೆಯು ಸೊರಗಿ ಬಂದರೆ, ತವರಿನವರು ಬಾಣಂತನವನ್ನು ನೆಟ್ಟಗೆ ಮಾಡಲಿಲ್ಲವೆಂಬ ಮಾತು ಬರುತ್ತಿದ್ದಿತು. ಈಗ ಆ ಮಾತು ತಿರುಗಿದೆ. ಮೂರು ತಿಂಗಳಾದರೂ ಹೊಟ್ಟೆ ಇಳಿಯಲಿಲ್ಲವಲ್ಲ ಎಂದು ಮಗುವನ್ನು ನೋಡಬಂದವರೇ ಕೇಳುತ್ತಾರೆ. ತೊಟ್ಟಿಲನ್ನು ನೋಡಬಂದವರಿಗೆ ತಾಯಿಯ ನಡುವಿನ ಅಳತೆಯೇಕೆ ಬೇಕೋ ನಾವರಿಯೆವು. ಆದರೆ ಆ ಮಾತು ನಾಟುತ್ತದೆ. ಅದನ್ನು ಕೇಳಿದ ತಾಯಿ ಒಂದೊಂದು ಹೊತ್ತಿನ ಊಟವನ್ನು ಬಿಡಲಾರಂಭಿಸುತ್ತಾಳೆ. ಮೈಯನ್ನು ಇಳಿಸಬಾರದೆಂದು ನಾವು ಹೇಳಲು ಬಂದಿಲ್ಲ. ಹಸಿದು ಇಳಿಸಬಾರದೆಂಬುದೇ ಈ ಸಂಜೆಯ ನಮ್ಮ ವಿಷಯ.

ಮೊದಲು ಲೆಕ್ಕವನ್ನು ನೋಡೋಣ. ಗರ್ಭಿಣಿಯು ಹತ್ತು ಹನ್ನೆರಡು ಕಿಲೋಗ್ರಾಂ ಏರುವುದು ಸಾಮಾನ್ಯ. ಅದರಲ್ಲಿ ಶಿಶುವಿನ ತೂಕ ಸುಮಾರು 3 ಕಿಲೋಗ್ರಾಂ. ಮಾಸು ಸುಮಾರು ಅರ್ಧ. ಗರ್ಭಜಲವು ಹೆಚ್ಚುಕಡಮೆ 1 ಲೀಟರು. ಇವು ಹೆರಿಗೆಯ ದಿನವೇ ಇಳಿದುಹೋಗುತ್ತವೆ. ಮೈಯಲ್ಲಿ ಹೆಚ್ಚಾಗಿ ನಿಂತಿದ್ದ ನೀರು ಮುಂದಿನ ದಿನಗಳಲ್ಲಿ ಮೂತ್ರವಾಗಿಯೂ ಬೆವರಾಗಿಯೂ ಹೊರಡುತ್ತದೆ. ಹೆರಿಗೆಯಾದೊಡನೆ ಸುಮಾರು 1 ಕಿಲೋಗ್ರಾಂ ತೂಗುವ ಗರ್ಭಕೋಶವು ಆರು ವಾರಗಳಲ್ಲಿ 100 ಗ್ರಾಮಿಗೂ ಕಡಮೆಯಾಗುತ್ತದೆ. ಇಷ್ಟಕ್ಕೂ ಬಾಣಂತಿಯು ಮಾಡಬೇಕಾದುದೇನೂ ಇಲ್ಲ. ಕೊನೆಗೆ ಉಳಿಯುವುದು ಮೇದಸ್ಸು. ಅದು ಸೋಮಾರಿತನದ ಗುರುತಲ್ಲ. ಹಾಲೂಡಿಸುವ ತಿಂಗಳುಗಳಿಗೆಂದು ಪ್ರಕೃತಿಯು ಕಟ್ಟಿಕೊಟ್ಟ ಬುತ್ತಿ.

ಆ ಬುತ್ತಿಯು ಕರಗುವ ಬಗೆಯೂ ಸ್ವಾರಸ್ಯವಾಗಿದೆ. ಹಾಲು ಚೆನ್ನಾಗಿ ಹತ್ತಿದ ಮೇಲೆ ತಾಯಿಯು ದಿನಕ್ಕೆ ಸುಮಾರು ಮುಕ್ಕಾಲು ಲೀಟರು ಹಾಲನ್ನು ಕೊಡುತ್ತಾಳೆ. ಇದಕ್ಕಾಗಿ ಮೊದಲ ಆರು ತಿಂಗಳಲ್ಲಿ ದಿನಕ್ಕೆ 600 ಕ್ಯಾಲೊರಿಗಳೂ, ಮುಂದಿನ ಆರು ತಿಂಗಳಲ್ಲಿ 520 ಕ್ಯಾಲೊರಿಗಳೂ ಹೆಚ್ಚಾಗಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಎಣಿಕೆ ಹಾಕಿದ್ದಾರೆ. ಮೈಯಲ್ಲಿ ಸಂಗ್ರಹವುಳ್ಳವಳಿಗೆ ಇದರಲ್ಲೊಂದು ಪಾಲು ಆ ಸಂಗ್ರಹದಿಂದಲೇ ಒದಗುತ್ತದೆ. ಹಾಗಾದರೆ ಹಾಲೂಡಿಸಿಯೂ ತೂಕ ಏರುವುದೇಕೆ? ಒಂದು ದೊಡ್ಡ ಚಮಚ ತುಪ್ಪದಲ್ಲಿಯೇ ಸುಮಾರು 130 ಕ್ಯಾಲೊರಿಗಳಿವೆ. ಅನ್ನಕ್ಕೆ ಎರಡು ಚಮಚ, ಬಾಣಂತಿ ಖಾರಕ್ಕೆ ಒಂದು, ಲೇಹ್ಯಕ್ಕೆ ಒಂದು, ಅದರ ಮೇಲೆ ಕೊಬ್ಬರಿ ಬೆಲ್ಲಗಳ ಅಂಟಿನುಂಡೆ ಎರಡು ಎಂದರೆ 600 ಕೂಡ ಮೀರಿತು, ಊಟವಿನ್ನೂ ಬಾಕಿಯಿದೆ.

ಹಿಂದಿನವರು ಅವಿವೇಕಿಗಳೆಂದು ಯಾರೂ ಎಣಿಸಬಾರದು. ಸೇದುವ ಬಾವಿ, ಬೀಸುವ ಕಲ್ಲು, ಒರಳು ಒನಕೆಗಳ ನಡುವೆ ಬೆಂದು ಬಸುರಿನಲ್ಲಿಯೂ ಅರೆಹೊಟ್ಟೆಯುಂಡ ಹೆಣ್ಣಿಗೆ ವರುಷದಲ್ಲಿ ದೊರೆತ ಒಂದೇ ಆರೈಕೆ ಆ ಬಾಣಂತನ. ಅಂಥವಳಿಗೆ ತುಪ್ಪವು ಮದ್ದೇ ಸರಿ. ಕುಳಿತು ಕೆಲಸ ಮಾಡುತ್ತಿದ್ದು, ಮೊದಲೇ ಮೈತುಂಬಿ ಬಂದವಳಿಗೆ ಅದೇ ಅಳತೆ ಒಗ್ಗದು. ಉಂಡೆಯನ್ನು ಬಿಡಬೇಕಿಲ್ಲ; ದಿನಕ್ಕೆ ಒಂದು ಸಾಕು.

ಬಾಣಂತನದಲ್ಲಿ ನಿಜವಾಗಿ ಬಿಡತಕ್ಕದ್ದು ಬೇರೆಯಿದೆ. ಹೊಟ್ಟೆ ದಪ್ಪವಾದೀತೆಂದೂ, ಶೀತವಾದೀತೆಂದೂ ಬಾಣಂತಿಗೆ ಕುಡಿಯುವ ನೀರನ್ನು ಅಳೆದು ಕೊಡುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತವು ಹೆಪ್ಪುಗಟ್ಟುವ ಸ್ವಭಾವ ಹೆಚ್ಚು. ನೀರಿಲ್ಲದೆ, ಹಾಸಿಗೆ ಬಿಡದೆ ಮಲಗಿಸಿದರೆ ಕಾಲಿನ ರಕ್ತನಾಳಗಳಲ್ಲಿ, ಕೆಲವೊಮ್ಮೆ ಮೆದುಳಿನ ರಕ್ತನಾಳಗಳಲ್ಲಿಯೇ ಹೆಪ್ಪು ಕಟ್ಟುವ ಅಪಾಯವು ಬಲಿಯುತ್ತದೆ. ಬಾಣಂತಿಯರಿಗೆ ಬರುವ ಈ ಮೆದುಳಿನ ವ್ಯಾಧಿಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬಹುಕಾಲ ಅಭ್ಯಾಸಮಾಡಿದ್ದಾರೆ. ನೀರು ಕುಡಿದರೆ ಹೊಟ್ಟೆ ಬೆಳೆಯದು. ಹಾಗೆಯೇ ಪಥ್ಯವೆಂದು ಬೇಳೆ, ಸೊಪ್ಪು, ತರಕಾರಿಗಳನ್ನು ದೂರವಿಟ್ಟು, ಬೆಳ್ಳಗೆ ಮಾಡಿದ ಅಕ್ಕಿಯ ಅನ್ನವನ್ನಷ್ಟೇ ಬಡಿಸಿದರೆ, ಥಯಮಿನ್ ಎಂಬ ಜೀವಸತ್ತ್ವವು ತಾಯಿಗೂ ಇಲ್ಲ, ಅವಳ ಹಾಲಿನಲ್ಲಿಯೂ ಇಲ್ಲ ಎಂದಾಗುತ್ತದೆ. ಅದರ ಕೊರತೆಯಿಂದ ಎಳೆಯ ಶಿಶುವಿನ ಹೃದಯವು ಸೋಲುವುದುಂಟು. ಅತ್ತೆಯ ಪಥ್ಯವೂ ಸೊಸೆಯ ಉಪವಾಸವೂ ಒಂದನ್ನೊಂದು ಹಳಿಯುತ್ತವೆ. ನಮ್ಮ ಕಣ್ಣಿಗೆ ಅವೆರಡೂ ಒಂದೇ ಮನೆಯ ಮಕ್ಕಳು.

ಉಪವಾಸಮಾಡಿದವಳ ಮೈಯಿಂದ ಇಳಿಯುವುದು ಮೇದಸ್ಸೊಂದೇ ಅಲ್ಲ, ಮಾಂಸಖಂಡವೂ ಹೌದು. ಅದಕ್ಕಿಂತ ಮುಖ್ಯವಾದುದು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದೊಳಗಿನ ನಮ್ಮ ದೇಶದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಮೈ ದಪ್ಪವಾಗಿದ್ದರೆ ರಕ್ತ ತುಂಬಿದೆಯೆಂದು ಅರ್ಥವಲ್ಲ. ದಪ್ಪನೆಯ ಮೈಯೂ ಬಿಳಿಚಿದ ಕಣ್ಣೂ ಒಬ್ಬಳಲ್ಲಿಯೇ ಇರಬಹುದು. ಹೆರಿಗೆಯ ಮೇಲೆ 180 ದಿನ ನುಂಗಬೇಕೆಂದು ಸರ್ಕಾರದವರು ಕೊಡುವ ಕಬ್ಬಿಣದ ಮಾತ್ರೆಯನ್ನು ತೂಕದ ಭಯದಿಂದ ಬಿಡಬಾರದು. ಅದರಿಂದ ಕೊಬ್ಬು ಬೆಳೆಯದು. ಕಾಫಿಯೊಡನೆ ಮಾತ್ರ ನುಂಗಬಾರದು, ನುಂಗಿದರೆ ಕಬ್ಬಿಣವು ಮೈಗೆ ಹತ್ತುವುದು ಕಡಮೆ. ನಮ್ಮ ಸೀಮೆಯಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಬೇಕು.

ಹಾಗಾದರೆ ಊಟವೇನು? ಮೂರು ಹೊತ್ತಿನ ಊಟವನ್ನೂ ಉಣ್ಣಬೇಕು. ಅನ್ನದ ರಾಶಿಯನ್ನು ತಗ್ಗಿಸಿ ಬೇಳೆ, ಕಾಳು, ಸೊಪ್ಪುಗಳನ್ನು ಏರಿಸಬೇಕು. ಸಬ್ಬಸಿಗೆ, ಮೆಂತ್ಯ, ನುಗ್ಗೆ, ಹೆಸರುಕಾಳು, ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ ಇವೆಲ್ಲ ಉತ್ತಮವಾದುವು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕ ಸುಣ್ಣದಂಶವಿದೆ. ಮೊದಲ ಆರು ವಾರ ತೂಕದ ಚಿಂತೆಯೇ ಬೇಡ. ಅನಂತರವೂ ವಾರಕ್ಕೆ ಅರ್ಧ ಕಿಲೋಗ್ರಾಮಿಗಿಂತ ವೇಗವಾಗಿ ಇಳಿಸಲೆಳಸುವುದು ತರವಲ್ಲ. ಒಂಬತ್ತು ತಿಂಗಳಲ್ಲಿ ಏರಿದುದು ಇಳಿಯಲು ಒಂಬತ್ತು ತಿಂಗಳಾದರೂ ಹಿಡಿದೀತು. ತೂಕವಿಳಿಸುವ ಮಾತ್ರೆ, ಪುಡಿ, ಚಹಾಗಳ ಜಾಹೀರಾತನ್ನು ಹಾಲೂಡಿಸುವವಳು ಓದದಿರುವುದೇ ಲೇಸು.

ಹೊಟ್ಟೆಗೆ ಬಟ್ಟೆ ಕಟ್ಟುವುದರಿಂದ ಸೊಂಟಕ್ಕೆ ಆಸರೆಯುಂಟು, ಕೊಬ್ಬು ಕರಗದು. ಹೊಟ್ಟೆಯ ನಡುವಿನ ಸ್ನಾಯುಗಳು ಬಸುರಿನಲ್ಲಿ ಎರಡಾಗಿ ಸರಿದಿರುತ್ತವೆ. ಅವು ಕೂಡಿಕೊಳ್ಳುವ ಮುನ್ನ ಮಲಗಿ ಏಳುವ ಕಠಿಣ ವ್ಯಾಯಾಮವು ಹಿತವಲ್ಲ. ಮೊದಲು ಬಲಪಡಿಸಬೇಕಾದುದು ಮೂತ್ರವನ್ನು ತಡೆಹಿಡಿಯುವ ಕೆಳಭಾಗದ ಸ್ನಾಯುಗಳನ್ನು. ಅವುಗಳನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸವನ್ನು ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗಲ್ 1948ರಲ್ಲಿ ಪ್ರಕಟಿಸಿದನು. ಅದನ್ನು ಮಗುವಿಗೆ ಹಾಲೂಡಿಸುತ್ತಲೇ ಮಾಡಬಹುದು. ಮಿಕ್ಕಂತೆ ನಡಿಗೆಯೇ ಸಾಕು: ಮೊದಲು ಮನೆಯೊಳಗೆ, ಬಳಿಕ ಬೀದಿಯಲ್ಲಿ ಹತ್ತು ನಿಮಿಷ, ಕ್ರಮೇಣ ಅರ್ಧ ಗಂಟೆ. ಶಸ್ತ್ರಕ್ರಿಯೆಯಿಂದ ಹೆರಿಗೆಯಾದವರು ವೈದ್ಯರನ್ನು ಕೇಳಿ ಮುಂದುವರಿಯಬೇಕು. ಆ ಅರ್ಧ ಗಂಟೆ ಮಗುವನ್ನು ಎತ್ತಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಮನೆಯ ಗಂಡಸರು ಉತ್ತರ ಹೇಳಬೇಕಾದೀತು.

ಹಿತವಾಗಿ ಉಂಡು ನಡೆದರೂ ತೂಕ ಇಳಿಯದೆ, ಆಯಾಸವೂ ಹೆಚ್ಚಿದರೆ ಥೈರಾಯ್ಡ್ ಗ್ರಂಥಿಯನ್ನು ಪರೀಕ್ಷಿಸಬೇಕು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಂಡಿದ್ದವರು 6ರಿಂದ 12 ವಾರಗಳೊಳಗೆ ರಕ್ತದ ಸಕ್ಕರೆಯನ್ನು ಮತ್ತೆ ನೋಡಿಸತಕ್ಕದ್ದು. ಇದಕ್ಕಾಗಿ ಬೇರೆ ದಿನವನ್ನು ಹುಡುಕಬೇಕಾಗಿಲ್ಲ. ಮಗುವಿಗೆ 6, 10, 14ನೆಯ ವಾರಗಳಲ್ಲಿ ಲಸಿಕೆ ಹಾಕಿಸಲು ಹೇಗೂ ಹೋಗುತ್ತೇವೆ. ಮಗುವನ್ನು ತೂಗಿ ಚೀಟಿಯಲ್ಲಿ ಬರೆದ ಮೇಲೆ, ತಾಯಿಯ ತೂಕವನ್ನೂ ರಕ್ತವನ್ನೂ ನೋಡಿರೆಂದು ಜೊತೆಯಲ್ಲಿ ಹೋದವರು ಕೇಳಬಹುದು.