ಬಳಸುವವರೇ ಪ್ರಮಾಣ



ಮನುಷ್ಯನಿಗೂ ಯಂತ್ರಕ್ಕೂ ನಡುವೆ ನಿಂತು ಒಬ್ಬರ ಇಂಗಿತವನ್ನು ಇನ್ನೊಬ್ಬರಿಗೆ ಮುಟ್ಟಿಸುವ ಪರದೆ, ಗುಂಡಿ, ಹಿಡಿಕೆ, ದೀಪ, ಧ್ವನಿ ಇವೆಲ್ಲವನ್ನೂ ಒಟ್ಟಾಗಿ ಇಂಟರ್‌ಫೇಸ್ ಎಂದು ಕರೆಯುತ್ತೇವೆ. ಅದನ್ನು ಹೇಗೆ ರಚಿಸಬೇಕು, ರಚಿಸಿದ ಬಳಿಕ ಅದರ ಗುಣದೋಷಗಳನ್ನು ಯಾವ ಒರೆಗಲ್ಲಿಗೆ ಹಚ್ಚಿ ನೋಡಬೇಕು ಎಂಬ ವಿಚಾರವನ್ನು ನೀವು ದೋಣಿಮಲೈಯಲ್ಲಿ ಕುಳಿತು ಚರ್ಚಿಸಲು ನಿಶ್ಚಯಿಸಿರುವುದು ಅತ್ಯಂತ ಉಚಿತವಾದ ಕಾರ್ಯ. 1977ರಲ್ಲಿ ಕೆಲಸ ಆರಂಭಿಸಿದ, ಗಣಿ ಸಂಸ್ಥೆ ಎನ್‌ಎಂಡಿಸಿಯ ಈ ಯಾಂತ್ರೀಕೃತ ಗಣಿಯಲ್ಲಿ, ಸಂಡೂರು ಬೆಟ್ಟಸಾಲಿನ ಕೆಂಧೂಳಿನ ನಡುವೆ, ರಾತ್ರಿಪಾಳಿಯ ಮಬ್ಬಿನಲ್ಲಿ, ಮುಂಗಾರಿನ ಜಾರುದಾರಿಯಲ್ಲಿ ಡಂಪರ್ ನಡೆಸುವವನ ಕಣ್ಣೆದುರಿಗಿರುವ ಫಲಕವು ಅವನಿಗೆ ಅರ್ಥವಾಗುವುದೋ ಇಲ್ಲವೋ ಎಂಬುದು ಪ್ರಾಣದ ಪ್ರಶ್ನೆಯಾಗಿದೆ. ಆದುದರಿಂದ ನನ್ನ ಆಶಯವನ್ನು ಮೊದಲೇ ಅರಿಕೆ ಮಾಡುತ್ತೇನೆ: ಸಾಧನವೊಂದರ ಯೋಗ್ಯತೆಗೆ ಅದನ್ನು ಬಳಸುವವರೇ ಪ್ರಮಾಣ; ಬಳಸುವವರ ತಪ್ಪೆಂದು ನಾವು ಕಡತಗಳಲ್ಲಿ ಬರೆದಿಡುವುದರಲ್ಲಿ ಬಹುಭಾಗ ರಚಿಸಿದವರ ತಪ್ಪು.

ಈ ತತ್ತ್ವಕ್ಕೆ ಜಗತ್ತು ತೆತ್ತ ಬೆಲೆ ಅಲ್ಪವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೂ, ಚಾಲಕರು ರೆಕ್ಕೆಯ ಫ್ಲ್ಯಾಪುಗಳನ್ನು ಎತ್ತುವ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದುದರಿಂದ, ಹೊಟ್ಟೆ ನೆಲಕ್ಕುಜ್ಜಿ ಹಾನಿಗೊಳ್ಳುತ್ತಿದ್ದವು. ಅದನ್ನು ಚಾಲಕರ ಪ್ರಮಾದವೆಂದು ಬಗೆದು ಸುಮ್ಮನಾಗುವುದು ಸುಲಭವಾಗಿತ್ತು. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಚಾಲಕರ ಆಸನದ ಮುಂದಿನ ವ್ಯವಸ್ಥೆಯನ್ನು ನೋಡಿದಾಗ, ಆ ಎರಡು ಕೆಲಸಗಳ ಹಿಡಿಕೆಗಳೂ ಒಂದೇ ಆಕಾರದಲ್ಲಿ ಒಂದರ ಪಕ್ಕದಲ್ಲೊಂದು ಇದ್ದುದು ಕಂಡಿತು. ಒಂದಕ್ಕೆ ಚಕ್ರದ ಆಕಾರವನ್ನೂ ಇನ್ನೊಂದಕ್ಕೆ ಬೆಣೆಯ ಆಕಾರವನ್ನೂ ಕೊಟ್ಟು, ಕತ್ತಲಲ್ಲಿಯೂ ಬೆರಳೇ ಭೇದವನ್ನು ಅರಿಯುವಂತೆ ಮಾಡಿದ ಮೇಲೆ ಆ ಗೊಂದಲ ಪರಿಹಾರವಾಯಿತು. ಚಾಲಕರಿಗೆ ಹೊಸದಾಗಿ ಬುದ್ಧಿ ಕಲಿಸಬೇಕಾದ ಅಗತ್ಯವೇ ಬೀಳಲಿಲ್ಲ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಉಜ್ಜ್ವಲವಾದ ಉದಾಹರಣೆಗಳುಂಟು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ಸಂಸ್ಥೆಗಳು ನಿರ್ಮಿಸಿದ ಮತಯಂತ್ರವನ್ನು ಗಮನಿಸಿ. 1982ರಲ್ಲಿ ಕೇರಳದ ಪರವೂರಿನಲ್ಲಿ ಪ್ರಥಮತಃ ಬಳಕೆಗೆ ಬಂದು, 2004ರ ಲೋಕಸಭಾ ಚುನಾವಣೆಯ ವೇಳೆಗೆ ದೇಶದ ಎಲ್ಲ ಕ್ಷೇತ್ರಗಳನ್ನೂ ವ್ಯಾಪಿಸಿದ ಈ ಯಂತ್ರವು, ಜೀವಮಾನದಲ್ಲಿ ಕಂಪ್ಯೂಟರನ್ನು ಮುಟ್ಟದ ಅಜ್ಜಿಯಿಂದಲೂ ಯಾವ ಶಿಕ್ಷಣವನ್ನೂ ಅಪೇಕ್ಷಿಸುವುದಿಲ್ಲ. ಅಕ್ಷರಸ್ಥರು ನೂರಕ್ಕೆ ಸುಮಾರು 18 ಮಂದಿ ಮಾತ್ರ ಇದ್ದ 1951ರ ಭಾರತಕ್ಕೆಂದು ಕಲ್ಪಿಸಿದ ಚಿಹ್ನೆಯ ಪದ್ಧತಿಯನ್ನು ಅದು ಕೈಬಿಡಲಿಲ್ಲ; ಚಿಹ್ನೆಯ ಎದುರಿಗೇ ನೀಲಿ ಗುಂಡಿ; ಒತ್ತಿದೊಡನೆ ಪಕ್ಕದಲ್ಲಿಯೇ ಕೆಂಪು ದೀಪ, ಜೊತೆಗೆ ದೀರ್ಘವಾದ ಧ್ವನಿ; ದೃಷ್ಟಿಹೀನರಿಗೆ ಬ್ರೈಲ್ ಅಂಕಿ; ಒಮ್ಮೆ ಮತ ಬಿದ್ದ ಮೇಲೆ ಅಧಿಕಾರಿ ಪುನಃ ಅನುಮತಿಸುವವರೆಗೆ ಎಷ್ಟು ಒತ್ತಿದರೂ ಇನ್ನೊಂದು ಮತ ಬೀಳದು. ಮಾಡಿದ ಕೆಲಸ ಆಯಿತೆಂದು ಕಣ್ಣಿಗೂ ಕಿವಿಗೂ ತಿಳಿಸುವುದು, ಪ್ರಮಾದಕ್ಕೆ ಎಡೆಯನ್ನೇ ಕೊಡದಿರುವುದು, ಜನರು ಬಲ್ಲ ಗುರುತುಗಳಿಂದಲೇ ಮಾತನಾಡುವುದು ಎಂಬ ಮೂರು ನಿಯಮಗಳನ್ನು ಈ ಯಂತ್ರವು ಗ್ರಂಥಗಳಿಗಿಂತ ಚೆನ್ನಾಗಿ ಬೋಧಿಸುತ್ತದೆ. ಆಯ್ಕೆಯ ಚೀಟಿಯನ್ನು ಗಾಜಿನ ಹಿಂದೆ 7 ಸೆಕೆಂಡುಗಳ ಕಾಲ ತೋರಿಸುವ ವಿವಿಪ್ಯಾಟ್ ಮುಂದೆ ಸೇರಿದುದು, ಜನರ ಸಂದೇಹಕ್ಕೂ ರಚನೆಯಲ್ಲಿ ಉತ್ತರವಿರಬೇಕೆಂಬುದಕ್ಕೆ ಸಾಕ್ಷಿ.

ಎರಡನೆಯ ಉದಾಹರಣೆ ನಮ್ಮ ರೈತರೆಲ್ಲ ಬಲ್ಲ ‘ಭೂಮಿ’ ಯೋಜನೆ. ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರಿಗೆ ಸಂಬಂಧಿಸಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೇರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆರಂಭದಲ್ಲಿ 15 ರೂಪಾಯಿಗೆ ಪ್ರತಿಯನ್ನು ಕೊಡುತ್ತಿದ್ದ ಆ ವ್ಯವಸ್ಥೆಯಲ್ಲಿ, ನನ್ನ ಮನಸ್ಸನ್ನು ಸೆಳೆದುದು ತಂತ್ರಜ್ಞಾನದ ವೈಭವಕ್ಕಿಂತ ಒಂದು ಸಣ್ಣ ಏರ್ಪಾಡು: ನೌಕರನ ಮುಂದಿನ ಪರದೆಯಲ್ಲದೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯನ್ನೂ ಅಲ್ಲಿ ಇಟ್ಟರು. ತನ್ನ ಹೊಲದ ವಿವರ ತನ್ನ ಕಣ್ಣೆದುರಿನಲ್ಲಿಯೇ ತೆರೆಯುವುದನ್ನು ಕಾಣುವ ಹಕ್ಕು ರೈತನಿಗೆ ದೊರೆತುದು ಆ ಎರಡನೆಯ ಪರದೆಯಿಂದ. ಆದರೆ ಓದಲಾರದವನಿಗೆ ಪರದೆ ತನ್ನತ್ತ ತಿರುಗಿದ್ದರೂ ಅದು ಮೂಕವೇ ಸರಿ. ಆತನಿಗೆ ದನಿಯಲ್ಲಿ ಹೇಳುವ ವ್ಯವಸ್ಥೆ ಬೇಕೆಂಬುದನ್ನು ಮರೆತರೆ ನಮ್ಮ ಕೆಲಸ ಅರ್ಧದಲ್ಲಿಯೇ ನಿಂತೀತು.

ಮೂರನೆಯದು ಕೀಲಿಮಣೆ. ಬೆರಳಚ್ಚು ಯಂತ್ರದಲ್ಲಿ ಕನ್ನಡದ ಅಕ್ಷರವನ್ನು ಆಕಾರದ ತುಂಡುಗಳಾಗಿ ಒಡೆದು ಒಂದೊಂದನ್ನೇ ಜೋಡಿಸಬೇಕಾಗಿತ್ತು. ಅದು ಯಂತ್ರದ ನಿರ್ಬಂಧ. ಗಣಕದ ಕಾಲಕ್ಕೆ ಕನ್ನಡದ ಗಣಕತಜ್ಞ ಕೆ. ಪಿ. ರಾವ್ ಅವರು ಉಚ್ಚಾರಣೆಯ ಕ್ರಮವನ್ನೇ ಆಧಾರವಾಗಿ ಹಿಡಿದು, ನುಡಿದಂತೆ ಬೆರಳು ನಡೆಯುವ ವಿನ್ಯಾಸವನ್ನು 26 ಕೀಲಿಗಳಲ್ಲಿ ಅಳವಡಿಸಿದರು. ಅಕ್ಷರದ ಆಕಾರವನ್ನು ಕೂಡಿಸುವ ಶ್ರಮವನ್ನು ಗಣಕಕ್ಕೆ ವಹಿಸಿದರು. ಶ್ರಮವು ಯಂತ್ರಕ್ಕೆ, ಸೌಲಭ್ಯವು ಮನುಷ್ಯನಿಗೆ ಎಂಬ ಈ ವಿಭಾಗವೇ ನಮ್ಮ ವಿಷಯದ ಸಾರ.

ಇನ್ನು ಪರೀಕ್ಷೆಯ ವಿಧಾನ. 1985ರಲ್ಲಿ ಗೂಲ್ಡ್ ಮತ್ತು ಲೂಯಿಸ್ ಎಂಬ ಸಂಶೋಧಕರು ಮೂರು ಸೂತ್ರಗಳನ್ನು ಹೇಳಿದರು: ಆರಂಭದಿಂದಲೇ ಬಳಸುವವರನ್ನೂ ಅವರ ಕೆಲಸವನ್ನೂ ಅರಿಯುವುದು, ಅವರು ಬಳಸುವುದನ್ನು ಅಳೆದು ನೋಡುವುದು, ಕಂಡ ದೋಷವನ್ನು ತಿದ್ದಿ ಪುನಃ ಪರೀಕ್ಷಿಸುವುದು. ಕೆಲಸ ನೆರವೇರಿತೆ, ಎಷ್ಟು ಶ್ರಮ ತಗುಲಿತು, ಬಳಸಿದವರಿಗೆ ಸಮಾಧಾನವಾಯಿತೆ ಎಂಬ ಮೂರು ಮಾಪಕಗಳನ್ನು ಅಂತರರಾಷ್ಟ್ರೀಯ ಮಾನಕವೂ ಅಂಗೀಕರಿಸಿದೆ. ಆದರೆ ನಮ್ಮ ಸೀಮೆಯಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಾಹೇಬರು ಎದುರಿಗೆ ನಿಂತು ‘ಹೇಗಿದೆ?’ ಎಂದು ಕೇಳಿದರೆ, ‘ಚಲೋ ಐತ್ರಿ ಸರ’ ಎನ್ನುವುದು ನಮ್ಮ ಜನರ ಸೌಜನ್ಯ. ಆ ಉತ್ತರವನ್ನು ಪರೀಕ್ಷೆಯ ಫಲವೆಂದು ಬರೆದುಕೊಳ್ಳತಕ್ಕುದಲ್ಲ. ಕಾಗದದ ಮೇಲೆ ಬರೆದ ಪರದೆಯನ್ನಾದರೂ ಸರಿ, ಅವರ ಕೈಗೆ ಕೊಟ್ಟು, ನಿಜವಾದ ಕೆಲಸವೊಂದನ್ನು ಒಪ್ಪಿಸಿ, ಬೆರಳು ಎಲ್ಲಿ ಅನುಮಾನಿಸಿತು, ಕಣ್ಣು ಯಾರ ಸಹಾಯವನ್ನು ಅರಸಿತು ಎಂಬುದನ್ನು ಬಾಯಿ ಮುಚ್ಚಿಕೊಂಡು ನೋಡಬೇಕು. ಆ ಪರೀಕ್ಷೆ ನಡೆಯಬೇಕಾದುದು ಕೈಗವಸು ತೊಟ್ಟ ಆಪರೇಟರನ ಕ್ಯಾಬಿನ್ನಿನಲ್ಲಿ, ಕಂಪ್ಲಿಯ ಭತ್ತದ ರೈತನು ಸರದಿಯಲ್ಲಿ ನಿಂತಿರುವ ನಾಡಕಚೇರಿಯಲ್ಲಿ, ಸಂಡೂರಿನಲ್ಲಿ ಕಸೂತಿ ಹಾಕುವ ಲಂಬಾಣಿ ಸೋದರಿಯು ಫೋನಿನಲ್ಲಿ ತನ್ನ ಹಣದ ಲೆಕ್ಕ ನೋಡುವ ಜಗಲಿಯಲ್ಲಿ.

ಈ ಸಂಕಿರಣದಲ್ಲಿ ನೆರೆದಿರುವ ಅಧಿಕಾರಿಗಳಲ್ಲಿಯೂ ವಿದ್ವಾಂಸರಲ್ಲಿಯೂ ನನ್ನ ಪ್ರಾರ್ಥನೆ ಇಷ್ಟೆ. ಯಾವ ಯಂತ್ರವನ್ನಾಗಲಿ ತಂತ್ರಾಂಶವನ್ನಾಗಲಿ ಕೊಳ್ಳುವ ಮುನ್ನ ಅದನ್ನು ನಿತ್ಯವೂ ಬಳಸಬೇಕಾದವರಿಂದ ಪರೀಕ್ಷಿಸಿರಿ. ಕರಾರಿನಲ್ಲಿಯೇ ಆ ಪರೀಕ್ಷೆಯನ್ನು ನಿಬಂಧನೆಯಾಗಿ ಬರೆಸಿರಿ. ಎಚ್ಚರಿಕೆಯ ಮಾತು ಕೆಲಸಗಾರನ ಭಾಷೆಯಲ್ಲಿರಲಿ. ಅಪಘಾತದ ವರದಿಯಲ್ಲಿ ಮನುಷ್ಯನ ಹೆಸರಿಗಿಂತ ಮೊದಲು ಗುಂಡಿಯ, ದೀಪದ, ಪರದೆಯ ವಿಚಾರಣೆ ನಡೆಯಲಿ. ಎರಡು ದಿನಗಳ ಚರ್ಚೆಯು ಇಂಥ ನಿರ್ಣಯಗಳಲ್ಲಿ ಪರ್ಯವಸಾನವಾಗಲೆಂದು ಹಾರೈಸಿ, ಈ ಗೋಷ್ಠಿಯನ್ನು ನಿಮ್ಮೆಲ್ಲರ ವಿಚಾರಕ್ಕೆ ಒಪ್ಪಿಸುತ್ತೇನೆ.